ಬಾಲವಿಲ್ಲದ ಮತ್ಸ್ಯಜನರ ಒಂಬತ್ತು ನದಿಗಳು: ‘ಎಕ್ಸ್‌ಪ್ಲೋರರ್ಸ್ ಆಫ್ ದ ಡೀಪ್’ ಕಾರ್ಡು ಕಟ್ಟಿನ ವಿಮರ್ಶೆ

ಪೆಟ್ಟಿಗೆ ಬಿಚ್ಚಿ ಮೇಲಿನ ನಾಲ್ಕಾರು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದ ಕೂಡಲೇ ಹನ್ನೆರಡು ವರ್ಷದ ಅಣ್ಣನ ಮಗಳು ಒಂದೊಂದನ್ನೇ ಎತ್ತಿ ದೀಪದ ಕೆಳಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಇವರಿಗೆಲ್ಲ ಬಾಲ ಯಾಕಿಲ್ಲ?’ ಮತ್ಸ್ಯಕನ್ಯೆಯರ ಆಟ ತಂದಿದ್ದೇನೆಂದು ನಾನು ಮೊದಲೇ ಹೇಳಿದ್ದರಿಂದ ಅವಳು ಬಂಡೆಯ ಮೇಲೆ ಕುಳಿತು ಕೂದಲು ಬಾಚಿಕೊಳ್ಳುವ, ಸೊಂಟದಿಂದ ಕೆಳಗೆ ಮೀನಾದ ಹೆಣ್ಣನ್ನು ನಿರೀಕ್ಷಿಸಿದ್ದಳು. ಕಾರ್ಡುಗಳಲ್ಲಿ ಕಂಡವರಿಗೆ ಎರಡು ಕಾಲುಗಳಿದ್ದವು, ಮೈಮೇಲೆ ಎಲೆಯಂತೆ ಅಗಲವಾದ ರೆಕ್ಕೆಗಳಿದ್ದವು, ಅವರಲ್ಲಿ ಗಂಡಸರೂ ಇದ್ದರು, ಮುದುಕರೂ ಇದ್ದರು. ನಮ್ಮ ಭಾಷೆಯಲ್ಲಿ ‘ಮತ್ಸ್ಯಕನ್ಯೆ’ ಎಂಬ ಪದವೇನೋ ಇದೆ. ಆದರೆ ಆ ಕನ್ಯೆಗೆ ತಂದೆ ಯಾರು, ಅಣ್ಣ ಯಾರು, ಅವಳ ಊರನ್ನು ಆಳುವವರು ಯಾರು ಎಂದು ಕೇಳಿದರೆ ಆ ಪದದಲ್ಲಿ ಉತ್ತರವಿಲ್ಲ. ಆದ್ದರಿಂದ ಈ ಬರಹದಲ್ಲಿ ನಾನು ‘ಮತ್ಸ್ಯಜನ’ ಎಂಬ ಪದವನ್ನು ಬಳಸುತ್ತೇನೆ. ನಾನು ವಿಮರ್ಶೆಗೆ ಎತ್ತಿಕೊಂಡಿರುವ ಈ ಕಟ್ಟಿನಲ್ಲಿ ಇರುವುದು ಒಬ್ಬಂಟಿ ಹೆಣ್ಣಲ್ಲ, ಒಂದು ಇಡೀ ಸಮಾಜ.

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನಾಟವನ್ನು ರಿಚರ್ಡ್ ಗಾರ್ಫೀಲ್ಡ್ ರೂಪಿಸಿದರು, ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಅದನ್ನು 1993ರಲ್ಲಿ ಹೊರತಂದಿತು. ಅದರ ಕಥೆಗಳು ಒಂದೇ ಲೋಕದಲ್ಲಿ ನಡೆಯುವುದಿಲ್ಲ. ಒಂದೊಂದು ಸರಣಿಗೂ ಒಂದೊಂದು ಲೋಕವಿದೆ, ಆ ಲೋಕದಲ್ಲಿ ಅದರದೇ ನೆಲ, ಜನ, ದೇವರು ಮತ್ತು ಯುದ್ಧಗಳಿವೆ. ‘ಎಕ್ಸ್‌ಪ್ಲೋರರ್ಸ್ ಆಫ್ ದ ಡೀಪ್’ 2023ರ ನವೆಂಬರಿನಲ್ಲಿ, ಇಕ್ಸಲಾನ್ ಎಂಬ ಲೋಕದ ನೆಲದಡಿಯ ಗುಹೆಗಳಿಗೆ ಇಳಿಯುವ ಕಥೆಯ ಸರಣಿಯ ಜೊತೆಗೆ ಬಂದ ನಾಲ್ಕು ಸಿದ್ಧ ಕಟ್ಟುಗಳಲ್ಲಿ ಒಂದು. ಉಳಿದ ಮೂರು ಡೈನೋಸಾರುಗಳಿಗೆ, ಕಡಲುಗಳ್ಳರಿಗೆ ಮತ್ತು ರಕ್ತಪಿಶಾಚಿಗಳಿಗೆ ಮೀಸಲಾಗಿವೆ. ನೂರು ಕಾರ್ಡುಗಳು, ಆಟದ ನಡುವೆ ಹೊಸದಾಗಿ ಹುಟ್ಟುವ ಜೀವಿಗಳನ್ನು ಸೂಚಿಸುವ ಹತ್ತು ಇಬ್ಬದಿಯ ಟೋಕನ್‌ಗಳು, ಕಾರ್ಡುಗಳನ್ನು ಇಡಲು ರಟ್ಟಿನ ಒಂದು ಡಬ್ಬಿ ಮತ್ತು ಎರಡು ಕಾರ್ಡುಗಳ ಒಂದು ಚಿಕ್ಕ ಪೊಟ್ಟಣ ಇದರಲ್ಲಿವೆ. ಇದನ್ನು ‘ಕಮಾಂಡರ್’ ಎಂಬ ಪದ್ಧತಿಯಲ್ಲಿ ಆಡಬೇಕು: ಸಾಮಾನ್ಯವಾಗಿ ನಾಲ್ವರು ಕುಳಿತುಕೊಳ್ಳುತ್ತಾರೆ, ಪ್ರತಿಯೊಬ್ಬರಿಗೂ ನಲವತ್ತು ಅಂಕಗಳ ಪ್ರಾಣವಿರುತ್ತದೆ, ಮೂಲ ಭೂಮಿಯ ಕಾರ್ಡುಗಳನ್ನು ಬಿಟ್ಟರೆ ಯಾವ ಕಾರ್ಡೂ ಕಟ್ಟಿನಲ್ಲಿ ಎರಡು ಬಾರಿ ಇರುವಂತಿಲ್ಲ, ಮತ್ತು ಕಟ್ಟಿಗೆಲ್ಲ ಒಬ್ಬ ನಾಯಕನಿರುತ್ತಾನೆ. ಇಲ್ಲಿಯ ಕಟ್ಟಿಗೆ ನಾಯಕನಾದವನು ಹಕ್ಬಾಲ್.

ಆಟದ ಲೆಕ್ಕಾಚಾರಕ್ಕಿಂತ ಮೊದಲು ಹಕ್ಬಾಲನ ಜನರ ಬಗ್ಗೆ ಹೇಳುವುದು ಅಗತ್ಯ, ಏಕೆಂದರೆ ಈ ಕಟ್ಟಿನ ಬೆಲೆ ಇರುವುದೇ ಅಲ್ಲಿ. ಇಕ್ಸಲಾನ್ ಲೋಕ ಮೊದಲು ಬಂದದ್ದು 2017ರಲ್ಲಿ. ಅದರ ಮುಂದುವರಿದ ಭಾಗ 2018ರ ಜನವರಿಯಲ್ಲಿ ಬಂತು. ದಟ್ಟ ಕಾಡಿನ ಆ ಖಂಡದಲ್ಲಿ ಎಲ್ಲರಿಗಿಂತ ಮೊದಲು ನೆಲೆಸಿದವರು ಮತ್ಸ್ಯಜನ. ತಮ್ಮನ್ನು ಅವರು ನದಿಯ ದೂತರೆಂದು ಕರೆದುಕೊಳ್ಳುತ್ತಾರೆ. ಅವರಿಗೆ ರಾಜನಿಲ್ಲ, ರಾಜಧಾನಿಯೂ ಇಲ್ಲ. ಮಹಾನದಿಗೆ ಸೇರುವ ಒಂಬತ್ತು ಉಪನದಿಗಳಿವೆ, ಆ ಉಪನದಿಗಳ ಹೆಸರನ್ನೇ ಹೊತ್ತ ಒಂಬತ್ತು ಮಂದಿ ಹಿರಿಯರು ಜನರನ್ನು ನಡೆಸುತ್ತಾರೆ. ಆ ಹಿರಿಯರನ್ನು ‘ಶೇಪರ್’ ಎನ್ನುತ್ತಾರೆ. ನೀರು, ಗಾಳಿ, ಬಳ್ಳಿ ಇವನ್ನು ಕುಂಬಾರನು ಮಣ್ಣನ್ನು ತಿದ್ದುವಂತೆ ತಿದ್ದಿ ಬೇಕಾದ ಆಕಾರಕ್ಕೆ ತರಬಲ್ಲವರು ಎಂದು ಅದರ ಅರ್ಥ. ಹೊಳೆಯ ಹೆಸರನ್ನು ಹೆಣ್ಣುಮಕ್ಕಳಿಗೆ ಇಟ್ಟು ಕರೆಯುವ ನಾಡಿನಲ್ಲಿ ಬೆಳೆದ ನನಗೆ ಈ ಏರ್ಪಾಡು ವಿಚಿತ್ರವಾಗಿ ಕಾಣಲಿಲ್ಲ. ನಮ್ಮಲ್ಲಿ ತುಂಗಾ, ಹೇಮಾವತಿ, ಕಾವೇರಿ ಎಂದು ಕರೆಸಿಕೊಳ್ಳುವವರು ಹೊಳೆಯನ್ನು ಕಾಯುವ ಹೊಣೆ ಹೊತ್ತವರಲ್ಲ. ಇಕ್ಸಲಾನಿನಲ್ಲಿ ಹೆಸರು ಹೊತ್ತ ಕ್ಷಣವೇ ಹೊಣೆಯೂ ಹೆಗಲೇರುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಈ ಜನರಿಗೆ ಒಂದು ವ್ರತವಿದೆ. ಕಾಡಿನ ನಡುವೆ ಒರಾಜ್ಕಾ ಎಂಬ ಚಿನ್ನದ ನಗರ ಅಡಗಿದೆ, ಅದರೊಳಗೆ ‘ಅಮರ ಸೂರ್ಯ’ ಎಂಬ ಅಪಾರ ಶಕ್ತಿಯ ವಸ್ತುವಿದೆ. ಸೂರ್ಯ ಸಾಮ್ರಾಜ್ಯದವರಿಗೆ ಅದು ಬೇಕು, ಕಡಲಾಚೆಯಿಂದ ಬಂದ ರಕ್ತಪಿಶಾಚಿಗಳಿಗೆ ಬೇಕು, ಕಡಲುಗಳ್ಳರಿಗೂ ಬೇಕು. ಮತ್ಸ್ಯಜನರು ಮಾತ್ರ ಅದನ್ನು ಯಾರ ಕೈಗೂ ಸಿಗದಂತೆ ಕಾಯುತ್ತಾರೆ, ತಮ್ಮ ಕೈಗೂ ಸಿಗದಂತೆ ಕಾಯುತ್ತಾರೆ. ಕಲ್ಪನಾಲೋಕದ ಕಥೆಗಳಲ್ಲಿ ನಿಧಿ ಕಾಯುವ ಜೀವಿಗಳಿಗೆ ಬರವಿಲ್ಲ; ಆದರೆ ಅವು ಸಾಮಾನ್ಯವಾಗಿ ನಿಧಿಯ ಮೇಲೆ ಮಲಗಿರುತ್ತವೆ. ನಿಧಿಯಿಂದ ತಾನೂ ದೂರವಿದ್ದುಕೊಂಡು ಅದನ್ನು ಕಾಯುವ ಜನಾಂಗವನ್ನು ಕಲ್ಪಿಸಿದವರ ಬಗ್ಗೆ ನನಗೆ ಗೌರವವಿದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ: ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಹೊರಳುತ್ತವೆ, ಮತ್ತು ಯಾರೂ ಅವನ್ನು ಹಿಡಿಯುವುದಿಲ್ಲ. ಹಿಡಿಯದೇ ಇರುವುದೇ ಅಲ್ಲಿಯ ಕಟ್ಟಳೆ.

ವ್ರತವಿದ್ದಲ್ಲಿ ಅದನ್ನು ಮುರಿಯುವವನೂ ಇರುತ್ತಾನೆ. ಒಂಬತ್ತು ಮಂದಿ ಹಿರಿಯರಲ್ಲಿ ಒಬ್ಬನಾದ ಕುಮೆನಾ, ಹೊರಗಿನವರು ಇಷ್ಟು ಹತ್ತಿರ ಬಂದ ಮೇಲೆ ನಗರವನ್ನು ಕಾಯುವ ದಾರಿಯೆಂದರೆ ಅದರ ಶಕ್ತಿಯನ್ನು ತಾನೇ ವಶಪಡಿಸಿಕೊಳ್ಳುವುದು ಎಂದು ವಾದಿಸುತ್ತಾನೆ. ಹಿರಿಯಳಾದ ತಿಶಾನಾ ಅದನ್ನು ಒಪ್ಪುವುದಿಲ್ಲ. ಕುಮೆನಾ ದುಷ್ಟನಲ್ಲ, ಅವನ ಭಯ ನಿಜವಾದದ್ದು, ಅವನ ವಾದದಲ್ಲಿ ತೂಕವಿದೆ, ಆದ್ದರಿಂದಲೇ ಅವನು ಅಪಾಯಕಾರಿ. ಕಾವಲುಗಾರರೊಳಗಿನ ಈ ಜಗಳವು ಮತ್ಸ್ಯಜನರನ್ನು ಚಿತ್ರದ ಗೊಂಬೆಗಳ ಮಟ್ಟದಿಂದ ಮೇಲೆತ್ತಿ ರಾಜಕೀಯವುಳ್ಳ, ಭಿನ್ನಾಭಿಪ್ರಾಯವುಳ್ಳ ಸಮಾಜವನ್ನಾಗಿ ಮಾಡುತ್ತದೆ.

ಇಷ್ಟನ್ನೂ ಕಥೆಯಾಗಿ ಹೇಳಿ ಕಾರ್ಡುಗಳಿಗೆ ಬರೀ ಅಂಕಿಗಳನ್ನು ಅಂಟಿಸಿದ್ದರೆ ನಾನು ಇದನ್ನು ವಿಮರ್ಶಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಈ ಆಟದ ಹೆಚ್ಚುಗಾರಿಕೆ ಇರುವುದು ಸಮಾಜದ ಸ್ವಭಾವವನ್ನು ನಿಯಮದ ಮೂಲಕವೇ ಹೇಳುವುದರಲ್ಲಿ. ಕುಮೆನಾನ 2018ರ ಕಾರ್ಡನ್ನು ಉದಾಹರಣೆಗೆ ತೆಗೆದುಕೊಳ್ಳಿ. ಇನ್ನೊಬ್ಬ ಮತ್ಸ್ಯಜನನ ಕಾರ್ಡನ್ನು ಅಡ್ಡ ತಿರುಗಿಸಿ ದಣಿಸಿದರೆ ಕುಮೆನಾನನ್ನು ಆ ಸರದಿಯಲ್ಲಿ ಯಾರೂ ತಡೆಯಲಾಗದು. ಮೂವರನ್ನು ದಣಿಸಿದರೆ ಆಡುವವರಿಗೆ ಒಂದು ಹೊಸ ಕಾರ್ಡು ಸಿಗುತ್ತದೆ. ಐವರನ್ನು ದಣಿಸಿದರೆ ನಿಮ್ಮ ಬಳಿಯಿರುವ ಮತ್ಸ್ಯಜನರೆಲ್ಲರ ಬಲ ಒಂದೊಂದು ಮೆಟ್ಟಿಲು ಶಾಶ್ವತವಾಗಿ ಏರುತ್ತದೆ. ಮೊದಲನೆಯದು ಒಬ್ಬನ ದುಡಿಮೆಯನ್ನು ನಾಯಕನೊಬ್ಬನಿಗಾಗಿ ವ್ಯಯಿಸುತ್ತದೆ, ಕೊನೆಯದು ಐವರ ದುಡಿಮೆಯನ್ನು ಎಲ್ಲರಿಗಾಗಿ ವ್ಯಯಿಸುತ್ತದೆ. ಯಾವುದನ್ನು ಆರಿಸಬೇಕೆಂದು ಕಾರ್ಡು ಹೇಳುವುದಿಲ್ಲ. ಪ್ರತಿ ಸರದಿಯಲ್ಲೂ ಆ ನಿರ್ಧಾರ ಆಡುವವರದೇ ಆಗಿರುತ್ತದೆ, ಮತ್ತು ಆ ನಿರ್ಧಾರವನ್ನು ತೆಗೆದುಕೊಳ್ಳುವಾಗ ಕುಮೆನಾನ ತಲೆಯೊಳಗೆ ಏನು ನಡೆದಿರಬಹುದೆಂಬುದು ತಾನಾಗಿ ಹೊಳೆಯುತ್ತದೆ.

ಹಕ್ಬಾಲನ ನಿಯಮ ಇದಕ್ಕಿಂತ ಮೃದುವಾದದ್ದು, ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಸುಂದರವಾದದ್ದು. ಅವನನ್ನು ಕಣಕ್ಕೆ ತರಲು ನಾಲ್ಕು ಮಾನಾ, ಅಂದರೆ ಭೂಮಿಯ ಕಾರ್ಡುಗಳಿಂದ ಸಿಗುವ ಮಂತ್ರಶಕ್ತಿ, ಬೇಕು; ಅದರಲ್ಲಿ ಒಂದು ಹಸಿರು ಮತ್ತು ಒಂದು ನೀಲಿ. ಅವನು ಕಣದಲ್ಲಿದ್ದರೆ ನಿಮ್ಮ ಸರದಿಯಲ್ಲಿ ಯುದ್ಧದ ಹಂತ ಆರಂಭವಾಗುವಾಗ ನಿಮ್ಮ ಪ್ರತಿಯೊಬ್ಬ ಮತ್ಸ್ಯಜನನೂ ‘ಅನ್ವೇಷಣೆ’ ನಡೆಸುತ್ತಾನೆ. ಅನ್ವೇಷಣೆಯೆಂದರೆ ಕಟ್ಟಿನ ಮೇಲಿನ ಕಾರ್ಡನ್ನು ತಿರುಗಿಸಿ ಎಲ್ಲರಿಗೂ ತೋರಿಸುವುದು. ಅದು ಭೂಮಿಯ ಕಾರ್ಡಾಗಿದ್ದರೆ ನಿಮ್ಮ ಕೈಗೆ ಬರುತ್ತದೆ. ಅಲ್ಲವಾದರೆ ಹುಡುಕಲು ಹೋದವನ ಬಲ ಒಂದು ಮೆಟ್ಟಿಲು ಏರುತ್ತದೆ, ಮತ್ತು ಆ ಕಾರ್ಡನ್ನು ಮೇಲೆಯೇ ಉಳಿಸಬೇಕೋ ಬಿಸಾಡಬೇಕೋ ಎಂಬುದನ್ನು ನೀವು ನಿರ್ಧರಿಸುತ್ತೀರಿ. ಇದರಲ್ಲಿ ಯಾರೂ ಬರಿಗೈಯಲ್ಲಿ ಹಿಂದಿರುಗುವುದಿಲ್ಲ ಎಂಬುದನ್ನು ಗಮನಿಸಬೇಕು: ಹೋದವನು ನೆಲವನ್ನಾದರೂ ತರುತ್ತಾನೆ, ಅನುಭವವನ್ನಾದರೂ ತರುತ್ತಾನೆ.

ಮೊದಲ ಸಂಜೆಯ ಒಂದು ಸರದಿಯನ್ನು ಇಲ್ಲಿ ವಿವರವಾಗಿ ಹೇಳುವುದು ಉಪಯುಕ್ತ. ಅಣ್ಣನ ಮಗಳ ಮುಂದೆ ಹಕ್ಬಾಲನೂ ಸೇರಿ ಆರು ಮಂದಿ ಮತ್ಸ್ಯಜನರಿದ್ದರು. ಮೊದಲನೆಯವನು ತಿರುಗಿಸಿದ್ದು ದ್ವೀಪ ಎಂಬ ಭೂಮಿಯ ಕಾರ್ಡು, ಅದು ಕೈಗೆ ಬಂತು. ಎರಡನೆಯವನು ತಿರುಗಿಸಿದ್ದು ಅವಳಿಗೆ ಬಹಳ ಬೇಕಾಗಿದ್ದ ಒಂದು ಮಂತ್ರದ ಕಾರ್ಡು. ಅವಳು ಅದನ್ನು ಬಿಸಾಡದೆ ಮೇಲೆಯೇ ಉಳಿಸಿದಳು, ಹುಡುಕಿದವನ ಮೇಲೆ ಏರಿದ ಬಲದ ಗುರುತಾಗಿ ಒಂದು ಹುಣಿಸೆಬೀಜ ಇಟ್ಟಳು. ಮೂರನೆಯವನು ಹೋಗಿ ನೋಡಿದಾಗ ಸಿಕ್ಕಿದ್ದು ಅದೇ ಕಾರ್ಡು. ಅವನಿಗೂ ಒಂದು ಹುಣಿಸೆಬೀಜ. ನಾಲ್ಕನೆಯವನಿಗೂ ಹಾಗೆಯೇ, ಐದನೆಯವನಿಗೂ ಹಾಗೆಯೇ, ಆರನೆಯವನಾದ ಹಕ್ಬಾಲನಿಗೂ ಹಾಗೆಯೇ. ಒಬ್ಬನು ಕಂಡು ಬಂದದ್ದನ್ನು ಉಳಿದವರು ಒಬ್ಬೊಬ್ಬರಾಗಿ ಹೋಗಿ ಕಂಡು ಬಂದು, ಎಲ್ಲರೂ ಬಲಿತರು. ಆ ಮೇಲೆ ಹಕ್ಬಾಲ್ ದಾಳಿಗೆ ಹೊರಟ. ಅವನು ದಾಳಿ ಮಾಡುವಾಗ ಕೈಯಲ್ಲಿರುವ ಭೂಮಿಯೊಂದನ್ನು ಕಣಕ್ಕೆ ಇಳಿಸಬಹುದು, ಇಳಿಸದಿದ್ದರೆ ಒಂದು ಕಾರ್ಡು ಎತ್ತಿಕೊಳ್ಳಬೇಕು. ಅವಳು ದ್ವೀಪವನ್ನು ಕೈಯಲ್ಲೇ ಹಿಡಿದುಕೊಂಡು, ಅಷ್ಟು ಜನ ಕಾದಿಟ್ಟ ಆ ಒಂದು ಕಾರ್ಡನ್ನು ಎತ್ತಿಕೊಂಡಳು. ಅವಳಿಗೆ ಯಾರೂ ಈ ಉಪಾಯ ಹೇಳಿಕೊಟ್ಟಿರಲಿಲ್ಲ. ಮತ್ಸ್ಯಜನರ ಸಮಾಜ ಹೇಗಿರುತ್ತದೆ ಎಂದು ನಾನು ಅರ್ಧ ಗಂಟೆ ವಿವರಿಸಿದ್ದರೂ ಇಷ್ಟು ಚೆನ್ನಾಗಿ ಅವಳಿಗೆ ತಿಳಿಯುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಅವಳ ಮೊದಲ ಪ್ರಶ್ನೆಗೆ ಬರೋಣ. ಬಾಲದ ಪ್ರಶ್ನೆ ಈ ಆಟದಲ್ಲಿ ಬಹಳ ಹಳೆಯದು. 1993ರ ಮೊಟ್ಟಮೊದಲ ಮುದ್ರಣದಲ್ಲೇ ಮತ್ಸ್ಯಜನರಿದ್ದರು: ಒಂದು ನೀಲಿ ಮಾನಾಕ್ಕೆ ಸಿಗುವ ‘ಮುತ್ತಿನ ತ್ರಿಶೂಲದ’ ಸಾಮಾನ್ಯ ಯೋಧ, ಮತ್ತು ಅವನಂಥವರಿಗೆಲ್ಲ ಬಲ ತುಂಬುವ ‘ಅಟ್ಲಾಂಟಿಸ್‌ನ ಒಡೆಯ’. ಎದುರಾಳಿಯ ಬಳಿ ದ್ವೀಪವಿದ್ದರೆ ಈ ಒಡೆಯನ ಪಡೆಯನ್ನು ತಡೆಯಲಾಗುತ್ತಿರಲಿಲ್ಲ. ನೀರಿದ್ದಲ್ಲಿ ಅವರಿಗೆ ದಾರಿ ಇತ್ತು ಎಂಬುದನ್ನು ಹೇಳಲು ಅಷ್ಟೇ ಸಾಕಾಗಿತ್ತು. 1994ರಲ್ಲಿ ವೊಡೇಲಿಯಾ ಎಂಬ ಕಡಲಡಿಯ ಸಾಮ್ರಾಜ್ಯವೂ, ಅದನ್ನು ಮುತ್ತುವ ಏಡಿಯಂಥ ಜೀವಿಗಳೂ ಬಂದವು. ಆದರೆ ಬಾಲವುಳ್ಳವರು ಕಾಡಿನಲ್ಲಿ, ಬೆಟ್ಟದಲ್ಲಿ ಹೇಗೆ ಕಾದಾಡುತ್ತಾರೆ ಎಂಬ ಪ್ರಶ್ನೆ ರೂಪಿಸುವವರನ್ನು ಕಾಡುತ್ತಲೇ ಇತ್ತು. 2001ರಲ್ಲಿ ಬಂದ ಒಂದು ಸರಣಿಯಲ್ಲಿ ಅವರನ್ನು ಬದಿಗಿಟ್ಟು ಅವರ ಜಾಗಕ್ಕೆ ಅಷ್ಟಪದಿಯನ್ನು ಹೋಲುವ ಇನ್ನೊಂದು ಜಲಜೀವಿಯನ್ನೇ ತಂದು ಕೂರಿಸಿದರು. ಮುಂದೆ ಅನೇಕ ಲೋಕಗಳಲ್ಲಿ ಕಂಡುಕೊಂಡ ಸುಲಭದ ಪರಿಹಾರವೆಂದರೆ ಬಾಲ ತೆಗೆದು ಕಾಲು ಕೊಡುವುದು. ಇಕ್ಸಲಾನಿನವರೂ ಆ ಸಾಲಿಗೇ ಸೇರಿದವರು.

ಈ ಪರಿಹಾರದಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ. ಕಾಲು ಬಂದ ಕೂಡಲೇ ನೀರು ಅನಿವಾರ್ಯವಾಗಿ ಉಳಿಯುವುದಿಲ್ಲ, ಅಲಂಕಾರವಾಗಿಬಿಡುತ್ತದೆ. ಮೀನಿನ ಮೈಯಿದ್ದವನಿಗೆ ದಡವೆಂಬುದು ಗಡಿ. ಆ ಗಡಿಯಿಂದಲೇ ಅವನ ವ್ಯಾಪಾರ, ಅವನ ಭಯ, ನೆರೆಯವರೊಡನೆ ಅವನ ಸಂಬಂಧ ಎಲ್ಲವೂ ಹುಟ್ಟಬೇಕು. ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಇದೇ ಆಟದೊಳಗೆ ಇದೆ. 2007ರ ಅಕ್ಟೋಬರಿನಲ್ಲಿ ಬಂದ ಲಾರ್ವಿನ್ ಲೋಕದ ಮತ್ಸ್ಯಜನರಿಗೆ ‘ಮೆರೋ’ ಎಂದು ಹೆಸರು. ಅದು ಐರಿಷ್ ಜನಪದದ ಕಡಲಜನರ ಹೆಸರೇ. ಅವರಿಗೆ ಬಾಲವಿದೆ, ಆದರೆ ಅವರು ಕಡಲಿನವರಲ್ಲ, ಹೊಳೆಯವರು. ನೆಲವನ್ನು ಸೀಳಿಕೊಂಡು ಹರಿಯುವ ಹೊಳೆಗಳ ಜಾಲವೇ ಅವರ ಹೆದ್ದಾರಿ. ದಡದ ಮೇಲೆ ಬೇರೆ ಬೇರೆ ಜನಾಂಗಗಳಿವೆ, ಅವರಿಗೆ ಹೊಳೆ ದಾಟಬೇಕು, ಸರಕು ಸಾಗಬೇಕು, ಸುದ್ದಿ ತಿಳಿಯಬೇಕು. ಮೆರೋಗಳು ನೆಲಕ್ಕೆ ಬರಲಾರರು, ಆದರೆ ಎಲ್ಲ ನೆಲದ ನಡುವಿನ ದಾರಿ ಅವರ ಕೈಯಲ್ಲಿದೆ. ಮೈಯ ಒಂದು ಕೊರತೆ ಸಮಾಜದ ಒಂದು ಶಕ್ತಿಯಾಗಿ ತಿರುಗಿದ ಬಗೆ ಇದು.

ಮೆರೋಗಳು ಗುಂಪುಗಳಾಗಿ ಬದುಕುತ್ತಾರೆ. ಸಿಲ್ವರ್‌ಗಿಲ್, ಸ್ಟೋನಿಬ್ರೂಕ್, ಇಂಕ್‌ಫ್ಯಾದಮ್ ಎಂಬಿತ್ಯಾದಿ ಹೆಸರುಗಳು ಆ ಗುಂಪುಗಳವು. ಮೀನಿನ ಹಿಂಡಿಗೆ ಇಂಗ್ಲಿಷಿನಲ್ಲಿ ಸ್ಕೂಲ್ ಎನ್ನುವುದರಿಂದ ಈ ಗುಂಪುಗಳಿಗೂ ಅದೇ ಹೆಸರು. ಗುಂಪಿನ ಮುಖಂಡನಿಗೆ ‘ರೀಜರಿ’ ಎಂಬ ಪದವಿ. ಇಲ್ಲಿಯೂ ನಿಯಮವೇ ಕಥೆ ಹೇಳುತ್ತದೆ. ಸಿಲ್ವರ್‌ಗಿಲ್ ಗುಂಪಿನ ಒಬ್ಬ ಪರಿಣತನ ಕಾರ್ಡನ್ನು ಎರಡೇ ಮಾನಾಕ್ಕೆ ಕಣಕ್ಕೆ ತರಬೇಕಾದರೆ ನಿಮ್ಮ ಕೈಯಲ್ಲಿರುವ ಇನ್ನೊಬ್ಬ ಮತ್ಸ್ಯಜನನ ಕಾರ್ಡನ್ನು ಎಲ್ಲರಿಗೂ ತೋರಿಸಬೇಕು. ತೋರಿಸಲು ಯಾರೂ ಇಲ್ಲದಿದ್ದರೆ ಮೂರು ಮಾನಾ ಹೆಚ್ಚು ತೆರಬೇಕು. ನಮ್ಮವರೊಬ್ಬರು ಹೇಳಿದರೆ ಕೆಲಸ ಸಲೀಸು, ಗುರುತಿನವರಿಲ್ಲದಿದ್ದರೆ ಖರ್ಚು ಹೆಚ್ಚು ಎಂಬ ವ್ಯಾಪಾರಿ ಸಮಾಜದ ನಡವಳಿಕೆಯನ್ನು ಎರಡು ಸಾಲಿನ ನಿಯಮದಲ್ಲಿ ಇದಕ್ಕಿಂತ ಅಚ್ಚುಕಟ್ಟಾಗಿ ಹೇಳಲು ಸಾಧ್ಯವೆಂದು ನನಗೆ ತೋರುವುದಿಲ್ಲ. ‘ಮೆರೋ ವಾಣಿಜ್ಯ’ ಎಂಬ ಇನ್ನೊಂದು ಕಾರ್ಡು ನಿಮ್ಮ ಸರದಿಯ ಕೊನೆಯಲ್ಲಿ ದಣಿದ ಮತ್ಸ್ಯಜನರನ್ನೆಲ್ಲ ಮತ್ತೆ ಎದ್ದು ನಿಲ್ಲಿಸುತ್ತದೆ: ವ್ಯಾಪಾರ ಮುಗಿಸಿದವರು ಕಾವಲಿಗೆ ನಿಲ್ಲುತ್ತಾರೆ. ದೋಣಿಗಾರನಾದ ಸಿಗ್ ಎಂಬವನಿಗೆ ಎರಡು ಮಾನಾ ಕೊಟ್ಟರೆ ನೀವು ಹೇಳಿದ ಮತ್ಸ್ಯಜನನಿಗೆ ನೀವು ಹೇಳಿದ ಬಣ್ಣದಿಂದ ಆ ಸರದಿಯ ಮಟ್ಟಿಗೆ ರಕ್ಷಣೆ ಸಿಗುತ್ತದೆ. ಅಂಬಿಗನಿಗೆ ಕೂಲಿ ಕೊಟ್ಟು ಹೊಳೆ ದಾಟಿದಂತೆಯೇ ಅದು.

2008ರಲ್ಲಿ ಆ ಲೋಕ ಕತ್ತಲೆಗೆ ತಿರುಗಿ ಶಾಡೋಮೂರ್ ಆಗುತ್ತದೆ. ಆಗ ಅದೇ ಸಿಗ್ ಅಂಬಿಗನಾಗಿ ಉಳಿಯದೆ ಕೊರಳು ಕೊಯ್ಯುವವನಾಗುತ್ತಾನೆ. ಯಾವ ಎದುರಾಳಿಯಾದರೂ ಒಂದೇ ಸರದಿಯಲ್ಲಿ ಮೂರು ಅಥವಾ ಹೆಚ್ಚು ಪ್ರಾಣ ಕಳೆದುಕೊಂಡರೆ ಅವನ ಒಡೆಯನಿಗೆ ಒಂದು ಕಾರ್ಡು ಸಿಗುತ್ತದೆ. ದಾರಿ ಕೈಯಲ್ಲಿದ್ದವರು ದಾರಿಹೋಕರನ್ನು ದಾಟಿಸಲೂಬಹುದು, ದೋಚಲೂಬಹುದು. ಎರಡಕ್ಕೂ ಬೇಕಾದ ಜ್ಞಾನ ಒಂದೇ. ಈ ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆದ ಬೆರಗು ಇಂದಿಗೂ ಕಡಿಮೆಯಾಗಿಲ್ಲ. ಮತ್ಸ್ಯಜನರ ಸ್ವಭಾವದ ಬಗ್ಗೆ ಈ ಆಟ ಹೇಳಿರುವ ಅತಿ ಆಳವಾದ ಮಾತು ಇದೇ ಎಂದು ನಾನು ಭಾವಿಸುತ್ತೇನೆ, ಮತ್ತು ಇಕ್ಸಲಾನಿನ ಕಟ್ಟು ಎಷ್ಟೇ ಚೆನ್ನಾಗಿದ್ದರೂ ಈ ಎತ್ತರವನ್ನು ಮುಟ್ಟುವುದಿಲ್ಲ.

ಧರ್ಮದ ವಿಷಯದಲ್ಲಿ ಹೋಲಿಕೆಗೆ ಒದಗುವ ಲೋಕ 2009ರ ಜೆಂಡಿಕಾರ್. ಅಲ್ಲಿಯ ಮತ್ಸ್ಯಜನರು ಎಮೇರಿಯಾ, ಉಲಾ, ಕೋಸಿ ಎಂಬ ಮೂವರು ದೇವತೆಗಳನ್ನು ನಂಬಿದ್ದರು: ಒಂದು ಆಕಾಶದ ದೇವತೆ, ಒಂದು ಕಡಲಿನ ದೇವತೆ, ಒಂದು ಮೋಸಗಾರ ದೇವತೆ. ಆಮೇಲೆ ಗೊತ್ತಾಗುವುದೇನೆಂದರೆ, ಆ ಹೆಸರುಗಳು ನೆಲದಡಿಯಲ್ಲಿ ಸೆರೆಯಾಗಿದ್ದ ಎಮ್ರಕುಲ್, ಉಲಮೋಗ್, ಕೋಜಿಲೆಕ್ ಎಂಬ ಲೋಕಭಕ್ಷಕ ಜೀವಿಗಳ ಹೆಸರುಗಳು ಶತಮಾನಗಳ ಬಾಯಲ್ಲಿ ಸವೆದು ಉಳಿದ ರೂಪಗಳು. ತಲೆಮಾರುಗಳು ಕೈಮುಗಿದದ್ದು ತಮ್ಮನ್ನು ನುಂಗಲಿರುವ ವಸ್ತುವಿಗೆ. ಒಂದು ಜನಾಂಗದ ನಂಬಿಕೆ ಹೇಗೆ ಹುಟ್ಟುತ್ತದೆ, ನೆನಪು ಹೇಗೆ ಪುರಾಣವಾಗುತ್ತದೆ ಎಂಬುದನ್ನು ಆಟಿಕೆಯ ಕಾರ್ಡಿನಲ್ಲಿ ಹೀಗೆ ಯೋಚಿಸಿದವರಿದ್ದಾರೆ ಎಂಬುದೇ ಸಂತೋಷದ ಸಂಗತಿ. ರಾವ್ನಿಕಾ ಲೋಕದಲ್ಲಿ ನಗರದ ಅಡಿಯ ಮರೆತುಹೋದ ಕಡಲಿನಿಂದ ಮೇಲೆದ್ದು ಬಂದು ಜೀವವಿಜ್ಞಾನಿಗಳ ಸಂಘವನ್ನು ಮುನ್ನಡೆಸುವ ಜೆಗನಾ, ತೆರೋಸ್ ಲೋಕದಲ್ಲಿ ಥಾಸಾ ಎಂಬ ಕಡಲದೇವತೆಯನ್ನು ಪೂಜಿಸುವ ಟ್ರೈಟನ್ ಎಂಬ ಮತ್ಸ್ಯಜನರು ಇವರ ಬಗ್ಗೆಯೂ ಹೇಳಬಹುದು; ಈ ಕಟ್ಟನ್ನು ತೂಗಲು ಅವರ ಅಗತ್ಯವಿಲ್ಲ.

ಈಗ ಕಟ್ಟಿನ ಕೊರತೆಗಳು. ಮೊದಲನೆಯದಾಗಿ, ಪೆಟ್ಟಿಗೆಯೊಳಗೆ ಈ ಜನಾಂಗದ ಪರಿಚಯ ಎನ್ನುವಷ್ಟು ಬರಹವಿಲ್ಲ. ಆಡುವ ಬಗೆಯ ಸಲಹೆ ಇದೆ, ಕಾರ್ಡುಗಳ ಕೆಳಗೆ ಅಲ್ಲಲ್ಲಿ ಒಂದೆರಡು ಸಾಲಿನ ಉದ್ಧರಣೆಗಳಿವೆ, ಅಷ್ಟೇ. ಒಂಬತ್ತು ಉಪನದಿಗಳ ವಿಷಯ, ಕುಮೆನಾ ಮತ್ತು ತಿಶಾನಾರ ಜಗಳ, ಚಿನ್ನದ ನಗರದ ವ್ರತ ಇವೆಲ್ಲವನ್ನೂ ಆಸಕ್ತರು ಬೇರೆ ಕಡೆ ಹುಡುಕಿ ಓದಬೇಕು. ನಾಲ್ಕು ಪುಟದ ಒಂದು ಕಿರುಹೊತ್ತಗೆಯನ್ನು ಸೇರಿಸಿದ್ದರೆ, ನದಿಗಳ ಒಂದು ನಕ್ಷೆಯನ್ನಾದರೂ ಕೊಟ್ಟಿದ್ದರೆ, ಹೊಸಬರಿಗೆ ಈ ಲೋಕದ ಬಾಗಿಲು ತೆರೆದಂತಾಗುತ್ತಿತ್ತು. ಇಷ್ಟು ಶ್ರಮಪಟ್ಟು ಕಟ್ಟಿದ ಸಮಾಜವನ್ನು ಪೆಟ್ಟಿಗೆಯ ಹೊರಗೆ ಬಿಟ್ಟು ಬಂದಂತೆ ಕಾಣುವುದು ನನಗೆ ನಿಜವಾಗಿ ನೋವು ತಂದ ವಿಷಯ.

ಎರಡನೆಯದು ಹೊತ್ತು. ಹತ್ತು ಮಂದಿ ಮತ್ಸ್ಯಜನರು ಒಟ್ಟಾದ ಮೇಲೆ ಪ್ರತಿ ಸರದಿಯಲ್ಲಿ ಹತ್ತು ಅನ್ವೇಷಣೆಗಳನ್ನು ಒಂದೊಂದಾಗಿ ಮುಗಿಸಬೇಕು, ಪ್ರತಿಯೊಂದರಲ್ಲೂ ಉಳಿಸಬೇಕೋ ಬಿಸಾಡಬೇಕೋ ಎಂದು ಯೋಚಿಸಬೇಕು, ಯಾರ ಮೇಲೆ ಎಷ್ಟು ಗುರುತುಗಳಿವೆ ಎಂದು ಎಣಿಸಬೇಕು. ಉಳಿದ ಮೂವರು ಆ ಹೊತ್ತಿನಲ್ಲಿ ಸುಮ್ಮನೆ ಕಾಯುತ್ತಾರೆ. ಆಡುವವರು ನುರಿತವರಾದಷ್ಟೂ ಇದು ವೇಗವಾಗುತ್ತದೆ ನಿಜ, ಆದರೆ ಮೊದಲ ನಾಲ್ಕೈದು ಆಟಗಳಲ್ಲಿ ತಾಳ್ಮೆ ಬೇಕು. ಜೊತೆಗೆ ಒಂದು ಸಾಮೂಹಿಕ ಸಂಹಾರದ ಮಂತ್ರ ಎದುರಾಳಿಯಿಂದ ಬಂದರೆ ಅಷ್ಟೂ ಜನ, ಅವರು ಕೂಡಿಸಿಕೊಂಡ ಅಷ್ಟೂ ಬಲ, ಒಂದೇ ಏಟಿಗೆ ಹೋಗುತ್ತದೆ. ಒಗ್ಗಟ್ಟೇ ಬಲವಾದ ಸಮಾಜಕ್ಕೆ ಒಟ್ಟಾಗಿ ಅಳಿಯುವ ಅಪಾಯವೂ ಇರುವುದು ಸಹಜವೇ. ಹಾಗಾಗಿ ಇದನ್ನು ರಚನೆಯ ದೋಷವೆಂದು ನಾನು ಹೇಳುವುದಿಲ್ಲ, ಕೊಳ್ಳುವವರಿಗೆ ತಿಳಿದಿರಲಿ ಎಂದಷ್ಟೇ ಹೇಳುತ್ತೇನೆ.

ಮೂರನೆಯ ಕೊರತೆ ಇದೊಂದೇ ಕಟ್ಟಿನದಲ್ಲ. ಈ ಆಟದ ಮತ್ಸ್ಯಜನರಲ್ಲಿ ಯೋಧರಿದ್ದಾರೆ, ಮಾಂತ್ರಿಕರಿದ್ದಾರೆ, ಬೇಹುಗಾರರಿದ್ದಾರೆ, ದಾರಿ ತೋರುವವರಿದ್ದಾರೆ. ಆದರೆ ಅವರ ಮಕ್ಕಳೆಲ್ಲಿ? ಅವರು ಏನು ಉಣ್ಣುತ್ತಾರೆ, ಮೀನನ್ನು ತಿನ್ನುತ್ತಾರೆಯೇ, ಸತ್ತವರನ್ನು ಹೊಳೆಗೆ ಬಿಡುತ್ತಾರೆಯೇ, ಮದುವೆ ಎಂಬುದು ಅವರಲ್ಲಿ ಇದೆಯೇ? ‘ಡೀಪ್‌ರೂಟ್ ವಾಟರ್ಸ್’ ಎಂಬ ಕಾರ್ಡಿದ್ದರೆ ನೀವು ಒಬ್ಬ ಮತ್ಸ್ಯಜನನನ್ನು ಕರೆದಾಗಲೆಲ್ಲ ಹೊಸಬನೊಬ್ಬನು ಟೋಕನ್ ರೂಪದಲ್ಲಿ ಕಣಕ್ಕೆ ಬರುತ್ತಾನೆ. ಎದುರಾಳಿಗಳ ಮಂತ್ರಗಳು ಅವನನ್ನು ಗುರಿಯಾಗಿಸಲಾರವು. ಒಂದು ಬೇರಿನಡಿಯ ನೀರುದಾರಿಯಿಂದ ಎಳೆಯ ಜೀವ ಮೇಲೆ ಬಂದಂತೆ ಅದನ್ನು ನಾನು ಕಲ್ಪಿಸಿಕೊಳ್ಳುತ್ತೇನೆ, ಆದರೆ ಹಾಗೆ ಕಲ್ಪಿಸಿಕೊಳ್ಳುವ ಕೆಲಸ ಪೂರ್ತಿ ನನ್ನ ಪಾಲಿಗೆ ಬಿಟ್ಟದ್ದು. ಯುದ್ಧದ ಆಟದಲ್ಲಿ ತೊಟ್ಟಿಲಿಗೆ ಜಾಗವಿಲ್ಲ ಎನ್ನಬಹುದು. ಲಾರ್ವಿನ್‌ನಲ್ಲಿ ವ್ಯಾಪಾರಕ್ಕೆ ಜಾಗ ಮಾಡಿಕೊಟ್ಟವರು ತೊಟ್ಟಿಲಿಗೂ ಜಾಗ ಮಾಡಬಲ್ಲರೆಂದು ನಾನು ನಂಬುತ್ತೇನೆ.

ಕೊಳ್ಳುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ನಮ್ಮಲ್ಲಿ ಈ ಕಟ್ಟು ಸಿಗುವುದು ಆಮದಾಗಿ, ಆದ್ದರಿಂದ ಬೆಲೆ ಅಂಗಡಿಯಿಂದ ಅಂಗಡಿಗೆ ಬಹಳ ಬದಲಾಗುತ್ತದೆ. ಎರಡು ಮೂರು ಕಡೆ ವಿಚಾರಿಸದೆ ಕೊಳ್ಳಬಾರದು. ಕಾರ್ಡುಗಳ ಬರಹ ಇಂಗ್ಲಿಷಿನಲ್ಲಿದೆ ಮತ್ತು ಅಕ್ಷರ ಚಿಕ್ಕದು, ಹೀಗಾಗಿ ಮಕ್ಕಳೊಡನೆ ಆಡುವವರು ಮೊದಲ ದಿನ ಪ್ರತಿ ಕಾರ್ಡನ್ನೂ ಓದಿ ಕನ್ನಡದಲ್ಲಿ ಹೇಳಬೇಕಾಗುತ್ತದೆ. ನೂರು ಪ್ಲಾಸ್ಟಿಕ್ ಕವಚಗಳನ್ನು ಜೊತೆಗೇ ಕೊಳ್ಳುವುದು ಒಳ್ಳೆಯದು. ಬಲದ ಗುರುತುಗಳಿಗೆ ಒಂದು ಹಿಡಿ ಸಣ್ಣ ದಾಳಗಳಿದ್ದರೆ ಸಾಕು, ಇಲ್ಲವಾದರೆ ಹುಣಿಸೆಬೀಜ ಚೆನ್ನಾಗಿ ಒದಗುತ್ತದೆ. ಜಾರುವುದಿಲ್ಲ, ಎಣಿಸಲೂ ಸುಲಭ. ಈ ಆಟವನ್ನು ಹಿಂದೆ ಎಂದೂ ಆಡದವರು ಇದರಿಂದಲೇ ಆರಂಭಿಸುವುದಾದರೆ ಒಬ್ಬ ಬಲ್ಲವರು ಪಕ್ಕದಲ್ಲಿರಬೇಕು. ಆಡಿ ಬಲ್ಲವರಿಗೆ, ಅದರಲ್ಲೂ ಗೆಲುವಿಗಿಂತ ಲೋಕವನ್ನು ಕಟ್ಟುವುದರಲ್ಲಿ ಮನಸ್ಸಿರುವವರಿಗೆ, ನಾನು ಇದನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಈಗ ಮೂಲದಲ್ಲಿ ಇಲ್ಲದ ಒಂದು ವಸ್ತು ಸೇರಿದೆ. ಇಕ್ಸಲಾನಿನ ಒಂಬತ್ತು ಉಪನದಿಗಳ ಹೆಸರು ನೆನಪಿಡಲು ಕಷ್ಟವೆಂದು ಅಣ್ಣನ ಮಗಳು ಒಂಬತ್ತು ಕಾಗದದ ಚೀಟಿಗಳನ್ನು ಕತ್ತರಿಸಿ, ಒಂದೊಂದರ ಮೇಲೂ ನೀಲಿ ಪೆನ್ಸಿಲ್‌ನಲ್ಲಿ ಕಾವೇರಿಯ ಒಂದೊಂದು ಉಪನದಿಯ ಹೆಸರನ್ನು ಬರೆದಿದ್ದಾಳೆ: ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿ, ಶಿಂಷಾ, ಅರ್ಕಾವತಿ, ಭವಾನಿ, ಅಮರಾವತಿ. ಅವಳ ಮತ್ಸ್ಯಜನರು ಕಣಕ್ಕೆ ಬಂದಾಗ ಪ್ರತಿಯೊಬ್ಬರ ಕೆಳಗೂ ಒಂದು ಚೀಟಿ ಹೋಗುತ್ತದೆ. ಕಳೆದ ಆಟದಲ್ಲಿ ಶಿಂಷಾ ಎಲ್ಲರಿಗಿಂತ ಮೊದಲು ಅನ್ವೇಷಣೆಗೆ ಹೋಗಿ ಒಂದು ದ್ವೀಪ ತಂದಳು.